ನಂಜಮ್ಮನವರ ಅಟ್ಟದ ಕೆಳಗೆ

ಈ ಸಂಕ್ರಾಂತಿಗೆ ನನ್ನ ಸೊಸೆ ಅಂಗಡಿಯಿಂದ ಎಳ್ಳು-ಬೆಲ್ಲದ ಸಿದ್ಧ ಪೊಟ್ಟಣ ತಂದಳು. ಒಂದು ಚೂರು ಕೊಬ್ಬರಿ ತೆಗೆದು ಮೂಸಿದೆ. ವಾಸನೆಯೇ ಇಲ್ಲ. "ಇದು ಕೊಬ್ಬರಿಯೋ ಮೇಣದ ಚೂರೋ?" ಅಂದೆ. "ಡೇಟ್ ನೋಡೇ ತಂದಿದೀನಿ ಅತ್ತೆ" ಅಂದಳು ಪಾಪ. ಅವಳ ತಪ್ಪೇನಿಲ್ಲ. ನನ್ನ ಕೋಪ ಮೊದಲಿನಿಂದಲೂ ಮೂಗಿನ ತುದಿಯಲ್ಲೇ, ವಯಸ್ಸಾದ ಮೇಲೆ ಇನ್ನೂ ಎರಡು ಹೆಜ್ಜೆ ಮುಂದೆ ಬಂದಿದೆ. ಆದರೆ ಅದೇ ಸಂಜೆ ಮೇಲಿನ ಮನೆಯ ಹುಡುಗಿ, ಅವರ ಊರಿನ ಕಡೆಯದಂತೆ, ಒಂದು ಉಂಡೆ ಕೊಬ್ಬರಿ ತಂದು ಕೈಗಿಟ್ಟಳು. ಮೂಗಿನ ಹತ್ತಿರ ಹಿಡಿದೆ. ಹೊಗೆ, ಎಣ್ಣೆ, ಒಣಗಿದ ಮಟ್ಟೆಯ ಧೂಳು. ಮುಂದಿದ್ದ ಈಳಿಗೆಮಣೆ ಪಕ್ಕಕ್ಕೆ ಸರಿಸಿ ಸುಮ್ಮನೆ ಕೂತುಬಿಟ್ಟೆ. ನಾನು ಅರಸೀಕೆರೆಗೆ ಹೋಗಿದ್ದೆ.

ಐವತ್ತರ ದಶಕ ಮುಗಿದು ಅರವತ್ತು ಆಗತಾನೆ ಕಾಲಿಟ್ಟಿದ್ದ ದಿನಗಳು. ನನ್ನ ತವರು ಬೇಲೂರು. ಅಪ್ಪ ದೇವಸ್ಥಾನದ ಅಡುಗೆಮನೆಯಲ್ಲಿ ಪ್ರಸಾದ ಮಾಡುತ್ತಿದ್ದರು, ನಮ್ಮ ಮನೆ ದೇವಸ್ಥಾನದ ಹಿಂದಿನ ಬೀದಿಯಲ್ಲೇ. ನಮ್ಮನೆಯವರಿಗೆ ಅರಸೀಕೆರೆ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತೆ ಕೆಲಸ. ಯುಗಾದಿ ಕಳೆದ ಮೇಲೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ನಾನು, ಮೂರನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೊರಟರು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಕೆರೆಯ ಮೇಲಿನಿಂದ ಒಂದಿಷ್ಟು ಗಾಳಿ ಬಂತು. ಅದೇ ಕೊನೆಯ ತಂಪು. ಜಾವಗಲ್ಲು, ಬಾಣಾವರ ದಾಟುತ್ತ ದಾಟುತ್ತ ನೆಲದ ಬಣ್ಣ ಬದಲಾಯಿತು, ನನ್ನ ಮುಖವೂ ಬದಲಾಯಿತು. ಅರಸೀಕೆರೆಯಲ್ಲಿ ಇಳಿದಾಗ ನನಗೆ ಕಂಡದ್ದು ಬಿಸಿಲು, ತೆಂಗಿನ ಕಾಯಿ ತುಂಬಿದ ಗಾಡಿಗಳು, ಮತ್ತು ಇಂಜಿನ್ನಿನ ಹೊಗೆ. ಒಣಹಾಕಿದ ಸೀರೆಯ ಮೇಲೆ ಮಸಿ, ಉಪ್ಪಿನಕಾಯಿ ಜಾಡಿಯ ಬಟ್ಟೆಯ ಮೇಲೆ ಮಸಿ. "ಇದೆಂಥ ಊರು ರೀ?" ಅಂದೆ. "ಜಂಕ್ಷನ್ನು ಕಣೇ. ಇಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು" ಅಂದರು, ಅದೇನೋ ದೊಡ್ಡ ಸೌಭಾಗ್ಯವೆಂಬಂತೆ.

ಮನೆ ಪೇಟೆ ಬೀದಿಯ ಹಿಂದೆ. ಮುಂದಿನ ಭಾಗದಲ್ಲಿ ಮನೆಯ ಯಜಮಾನಿ ನಂಜಮ್ಮನವರು, ಹಿಂದಿನ ಎರಡು ಕೋಣೆ ನಮಗೆ. ನಂಜಮ್ಮನವರಿಗೆ ಐವತ್ತರ ಮೇಲಾಗಿತ್ತು. ಹಣೆ ತುಂಬ ವಿಭೂತಿ, ಕುತ್ತಿಗೆಯಲ್ಲಿ ಲಿಂಗದ ಕರಡಿಗೆ, ನಡಿಗೆಯಲ್ಲಿ ಯಾರ ಹಂಗೂ ಇಲ್ಲದ ಗತ್ತು. ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡನ ತಮ್ಮ ಶಾಂತಪ್ಪನವರು ಹತ್ತಿರದ ಗಂಡಸಿ ಎಂಬ ಊರಿನಲ್ಲಿ ತೋಟ ನೋಡಿಕೊಳ್ಳುತ್ತಿದ್ದರು. ಅಲ್ಲಿಯ ಕಾಯಿಯೆಲ್ಲ ಇಲ್ಲಿಗೆ ಬಂದು ಈ ಮನೆಯ ಅಟ್ಟ ಏರುತ್ತಿತ್ತು. ಮಟ್ಟೆ ಸುಲಿಯದೆ ಅಟ್ಟದ ಮೇಲೆ ರಾಶಿ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ಆ ಮನೆಯಲ್ಲಿ ಅಲ್ಲಾಡಿಸಿ ಹೇಳುವವರು ನಂಜಮ್ಮನವರು. ಅವರು "ಇಳುಸ್ರಿ" ಅನ್ನುವ ತನಕ ಯಾರೂ ಏಣಿ ಮುಟ್ಟುವಂತಿರಲಿಲ್ಲ.

ಆ ಅಟ್ಟ ನಮ್ಮ ಅಡುಗೆಕೋಣೆಯ ಮೇಲೂ ಹಾದುಹೋಗಿತ್ತು. ಅದರ ಅರ್ಥ ನಮಗೆ ತಿಳಿದದ್ದು ಒಂದು ಭಾನುವಾರ. ನಮ್ಮನೆಯವರು ಬಹಳ ಉತ್ಸಾಹದಿಂದ ಹೊಸ ಸೀಮೆಎಣ್ಣೆ ಸ್ಟವ್ ತಂದರು. ನಾನು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಕಾಫಿ ಕಾಯಿಸಿ, ಹೊಗೆಯಿಲ್ಲದ ಅಡುಗೆಮನೆಯಲ್ಲಿ ಮಹಾರಾಣಿಯ ಹಾಗೆ ನಿಂತಿದ್ದೆ. ನಂಜಮ್ಮನವರು ಒಳಗೆ ಬಂದವರು ಸ್ಟವ್ ನೋಡಲಿಲ್ಲ, ಮೇಲೆ ನೋಡಿದರು.

"ಒಲೆ ಯಾಕವ್ವ ಹಚ್ಚಿಲ್ಲ?"

"ಸ್ಟವ್ ತಂದಿದಾರೆ, ಇನ್ನು ಒಲೆ ಬೇಕಾಗಿಲ್ಲ."

"ನಿಂಗೆ ಬ್ಯಾಡ. ಮ್ಯಾಲಿರೋವ್ಕೆ ಬ್ಯಾಡ್ವಾ? ನೀನು ಹೊಗೆ ಹಾಕ್ತೀಯ ಅಂತಾನೇ ಬಾಡಿಗೇಲಿ ಒಸಿ ಬಿಟ್ಟಿರಾದು. ಮಳೆಗಾಲ್ದಾಗೆ ಕೆಳಗೆ ಬೆಂಕಿ ಇಲ್ದಿದ್ರೆ ಕಾಯಿ ಕೊಳೀತವೆ!"

ನಮ್ಮ ಮನೆಯಲ್ಲಿ ನಾವು ಒಲೆ ಹಚ್ಚೋದಕ್ಕೆ ಯಾವ ದೊಣ್ಣೆನಾಯಕನ ಅಪ್ಪಣೆ ಎಂದು ನಾಲಿಗೆಯ ತುದಿಗೆ ಬಂತು. ಆದರೆ ನಮ್ಮನೆಯವರು ಬಾಡಿಗೆ ಮಾತಾಡುವಾಗ ಈ ಷರತ್ತಿಗೆ ತಲೆಯಾಡಿಸಿ ಬಂದಿದ್ದರಂತೆ. "ಹೊಗೆ ಅಂದರು, ನಾನು ಧೂಪ ಹಾಕೋದು ಅಂದುಕೊಂಡೆ" ಅಂದರು ಮಹಾನುಭಾವರು. ಸ್ಟವ್ ಮೂಲೆ ಸೇರಿತು. ನಂಜಮ್ಮನವರು ಮರುದಿನವೇ ಎರಡು ಬುಟ್ಟಿ ಮಟ್ಟೆ, ಚಿಪ್ಪು ತಂದು ಹಿತ್ತಿಲಲ್ಲಿ ಸುರಿದರು. ಅಂದಿನಿಂದ ನಾನು ಮೂರು ಹೊತ್ತೂ ಕಾಯಿಗಳಿಗೆ ಹೊಗೆ ಹಾಕುವ ಕೆಲಸದವಳು. ಒಂದು ಅನುಕೂಲವಿತ್ತು. ಬೇಲೂರು ನೆನಪಾಗಿ ಅಳು ಬಂದಾಗಲೆಲ್ಲ ಹೊಗೆಯ ಮೇಲೆ ಹಾಕಿಬಿಡಬಹುದಿತ್ತು.

ಮಧ್ಯಾಹ್ನ ಬೀದಿ ನಿದ್ದೆ ಹೊಡೆಯುತ್ತಿದ್ದಾಗ ಹಿತ್ತಿಲ ಜಗಲಿಯ ಮೇಲೆ ನಾವಿಬ್ಬರೇ. ಅವರು ಬತ್ತಿ ಹೊಸೆಯುವರು, ನಾನು ಮಾತಾಡುವೆ. ಏನೆಲ್ಲ ಹೇಳಿದೆನೋ! ಅತ್ತೆ ನನ್ನ ಮದುವೆಯಲ್ಲಿ ಚಿರೋಟಿ ಮೆತ್ತಗಾಯಿತೆಂದು ಆಡಿಕೊಂಡದ್ದು, ಅಮ್ಮನ ಕಾಲುನೋವು, ದೇವಸ್ಥಾನದ ಗಂಟೆ ಕೇಳದೆ ನನಗೆ ಬೆಳಗಾದಂತೆಯೇ ಅನ್ನಿಸದಿರುವುದು, ಬೇಗ ಮಗುವಾಗಲಿಲ್ಲವೆಂದು ಆಗಲೇ ಶುರುವಾದ ಪಿಸುಮಾತು. ನಂಜಮ್ಮನವರು ನನ್ನ ಮುಖವನ್ನೇ ನೋಡುತ್ತ "ಊಂ" ಅನ್ನುವರು. ನಡುವೆ ಮಾತು ತೂರಿಸುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಇಂಥ ಹೆಂಗಸು ಲೋಕದಲ್ಲಿ ಎಲ್ಲಿ ಸಿಕ್ಕಾರು ಎಂದು ನಾನು ಕೊಂಡಾಡುತ್ತಿದ್ದೆ. ಅಡುಗೆ ಮಾಡಿದ್ದನ್ನು ಅವರೆಂದೂ ನನಗೆ ಕೊಡುತ್ತಿರಲಿಲ್ಲ. ನಮ್ಮ ಮನೆಯ ಮಡಿ ಅವರಿಗೆ ಗೊತ್ತಿತ್ತು. ಬೆಲ್ಲ, ಕೊಬ್ಬರಿ, ಹಸಿ ಕಡಲೆಕಾಯಿ, ಹೀಗೆ ತಮ್ಮ ಒಲೆ ಹತ್ತದ್ದನ್ನೇ ಆರಿಸಿ ಸೆರಗಿನಲ್ಲಿ ತರುತ್ತಿದ್ದರು.

ಮಳೆ ಬಂತು, ಹೋಯಿತು. ಅರಸೀಕೆರೆಯ ಮಳೆ ಅಂದರೆ ನೆಂಟರ ಹಾಗೆ, ಬಂದೆ ಅನ್ನುವಷ್ಟರಲ್ಲಿ ಎದ್ದು ಹೊರಡುತ್ತದೆ. ದೀಪಾವಳಿ ಕಳೆದ ಮೇಲೆ ಒಂದು ದಿನ ನಂಜಮ್ಮನವರು ಏಣಿ ಹತ್ತಿ ಕೆಲವು ಕಾಯಿ ಇಳಿಸಿಕೊಂಡು ಬಂದು ಅಂಗಳದಲ್ಲಿ ಕೂತರು. ನನಗೆ ಬೆನ್ನು ಮಾಡಿಕೊಂಡು ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಅದೇ ಹೊತ್ತಿಗೆ ಸ್ಟೇಷನ್ನಿನ ಕಡೆಯಿಂದ ಇಂಜಿನ್ನೊಂದು ಕೂಗಿತು ನೋಡಿ. ಸಾಧಾರಣ ಕೂಗಲ್ಲ, ಹಂಚೆಲ್ಲ ನಡುಗುವಂಥದು. ಬೇಲಿಯ ಮೇಲಿದ್ದ ಕಾಗೆಗಳು ಹಾರಿದವು, ನಾನು ಎರಡೂ ಕಿವಿ ಮುಚ್ಚಿಕೊಂಡೆ. ನಂಜಮ್ಮನವರು ಮಾತ್ರ ಏನೂ ಆಗದವರಂತೆ ಕಾಯಿಯನ್ನು ಕಿವಿಗೆ ಒತ್ತಿ ಹಿಡಿದೇ ಇದ್ದರು. "ಅಮ್ಮಾ" ಎಂದು ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ತಿರುಗಲಿಲ್ಲ. ಎದುರಿಗೆ ಹೋಗಿ ನಿಂತೆ. ಆಗ ನಕ್ಕು, "ಓ, ಬಾ ಪದ್ದಮ್ಮ" ಅಂದರು.

ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ತುಟಿ ಚೆನ್ನಾಗಿ ಕಾಣುವಂತೆ, ನಿಧಾನವಾಗಿ ಕೇಳಿದೆ: "ನಿಮಗೆ ಕಿವಿ ಕೇಳಿಸುವುದಿಲ್ಲವಾ?"

ಮುಖದ ನಗು ಹಾಗೇ ಇಳಿದುಹೋಯಿತು. ಹಿತ್ತಿಲ ಬಾಗಿಲ ಕಡೆ ಒಮ್ಮೆ ನೋಡಿ ನನ್ನ ಕೈ ಹಿಡಿದುಕೊಂಡರು. "ಎಡಗಿವಿ ಪೂರಾ ಹೋಗೈತೆ. ಬಲಗಿವೀಲಿ ಹೋದ್ ವರ್ಷದ ಗಂಟ ಕೇಳ್ತಿತ್ತು, ಈಗ ಒಸಿ ಗುಂಯ್ ಅಂತೈತೆ. ಯಾರ್ಗೂ ಹೇಳ್ಬ್ಯಾಡ ತಾಯಿ."

ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. "ಹಾಗಾದರೆ ಇಷ್ಟು ದಿನ ನಾನು ಹೇಳಿದ್ದು? ನಮ್ಮತ್ತೆಯ ಮೇಲೆ ಹೇಳಿದ ಚಾಡಿಯೆಲ್ಲ ನೀರಿನಲ್ಲಿ ಹೋಯಿತಾ?"

"ಮಾತು ಅಲ್ಲೊಂದು ಇಲ್ಲೊಂದು ಸಿಕ್ತಿತ್ತು. ನಿನ್ ಮೊಕ ನೋಡ್ತಿದ್ನಲ್ಲ, ಮೊಕದಾಗೇ ಎಲ್ಲಾ ಇರ್ತಿತ್ತು" ಅಂದರು. ಆಮೇಲೆ, "ನಿಮ್ಮವ್ವನ್ನ ನೆನುಸ್ಕೊಂಡಾಗ ನಿನ್ ಗಲ್ಲ ಇಂಗೆ ನಡುಗ್ತೈತೆ" ಎಂದು ತಮ್ಮ ಗಲ್ಲ ನಡುಗಿಸಿ ತೋರಿಸಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಆವತ್ತು ಹೊಗೆಯ ನೆಪ ಬೇಕಾಗಲಿಲ್ಲ.

ಮುಚ್ಚಿಟ್ಟದ್ದು ಯಾಕೆಂದು ಅವರೇ ಹೇಳಿದರು. ಶಾಂತಪ್ಪ ಕೆಟ್ಟವರಲ್ಲ. ಅಣ್ಣ ಹೋದಾಗಿನಿಂದಲೂ "ಗಂಡಸಿಗೆ ಬಂದ್ಬಿಡಿ ಅತ್ಗೆ, ಒಬ್ರೇ ಯಾಕೆ" ಎಂದು ಕರೆಯುತ್ತಲೇ ಇದ್ದರು. ಕಾಯಿ ನೋಡುವ ಕೆಲಸವೊಂದು ಇದ್ದುದರಿಂದ ನಂಜಮ್ಮನವರು ಇಲ್ಲಿ ಉಳಿದಿದ್ದರು. ಕಿವಿ ಹೋಯಿತೆಂದು ಗೊತ್ತಾದರೆ ಆ ಕೆಲಸವೂ ಹೋಗುತ್ತದೆ, ಒಬ್ಬರೇ ಇರುವುದಕ್ಕೆ ಬಿಡುವುದೂ ಇಲ್ಲ.

"ಅಲ್ಲಿಗೆ ಹೋದರೆ ಕಷ್ಟವೇನು?" ಎಂದೆ.

"ಕಷ್ಟ ಏನಿಲ್ಲ. ಚಾಪೆ ಹಾಸಿ ಕೂರುಸ್ತಾರೆ, ಹೊತ್ತೊತ್ತಿಗೆ ಇಕ್ಕುತಾರೆ. ಅದೇ ಕಷ್ಟ. ಇಲ್ಲಿ ಒಲೆ ನಂದು, ಬಾಗ್ಲು ನಂದು. ಹಾಕ್ಕೊಂಡ್ರೆ ನಾನು ಹಾಕ್ಕೊಬೇಕು, ತಗುದ್ರೆ ನಾನು ತಗೀಬೇಕು."

ಆ ದಿನ ಅವರ ಒಲೆಯ ಮುಂದೆ ಕೂತು ಬಿಸಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆ. ಅವರು ಬೇಡ ಬೇಡವೆಂದರೂ ನಾನೇ ಕೇಳಿ ಹಾಕಿಸಿಕೊಂಡೆ. ಬೇಲೂರಿಗೆ ಇದು ತಿಳಿಯಲಿಲ್ಲ. ತಿಳಿಸುವ ಅಗತ್ಯವೂ ನನಗೆ ಕಾಣಲಿಲ್ಲ.

ಅಲ್ಲಿಂದ ನನ್ನ ಪಾಠ ಶುರು. ಅವರು ಕಾಯಿ ಅಲ್ಲಾಡಿಸುವರು, ನಾನು ಕೇಳಿ ಹೇಳುವೆ. ನೀರಿದ್ದರೆ ಗುಳುಗುಳು. ನೀರು ಇಂಗುತ್ತ ಬಂದರೆ ಏನೂ ಸದ್ದಿಲ್ಲ, ಬರೀ ಭಾರ. ಪೂರ್ತಿ ಒಣಗಿದರೆ ಒಳಗೆ ಯಾರೋ ಮರದ ಬಾಗಿಲು ತಟ್ಟಿದ ಹಾಗೆ ಲೊಟಲೊಟ. ಒಂದು ಉಪಾಯವನ್ನೂ ಮಾಡಿಕೊಂಡೆವು. ಕಾಯಿ ಇಳಿಸುವುದು ಸಂಕ್ರಾಂತಿಗೆ ಮುಂಚೆ, ಅವರೆಕಾಯಿಯ ಕಾಲ. ನಾನು ಎದುರಿಗೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿರುವುದು. ತೆಂಗಿನಕಾಯಿ ಆಗಿದ್ದರೆ ಅವರೆಕಾಳನ್ನು ಮೊರಕ್ಕೆ ಹಾಕುವುದು, ಆಗದಿದ್ದರೆ ಮುಷ್ಟಿಯಲ್ಲೇ ಹಿಡಿದುಕೊಳ್ಳುವುದು. ಅವರು ನೋಡಿ ಹೇಳುವುದು. ಇಬ್ಬರಿಗೂ ಇದು ಆಟವಾಯಿತು. ನಮ್ಮನೆಯವರು, "ಏನು, ದಿನಾ ಅವರೆಕಾಳು ಉಪ್ಪಿಟ್ಟು!" ಎಂದು ಆಶ್ಚರ್ಯಪಡುವರು. ಅವರಿಗೆ ಗುಟ್ಟು ಹೇಳಿರಲಿಲ್ಲ. ಊರನ್ನು ಶಪಿಸುವುದು ಯಾವಾಗ ನಿಲ್ಲಿಸಿದೆನೋ ನನಗೇ ಗೊತ್ತಾಗಲಿಲ್ಲ.

ಆ ದಿನ ಬಂದೇ ಬಂತು. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಶಾಂತಪ್ಪನವರು ಇಬ್ಬರು ಆಳುಗಳೊಡನೆ ಗಾಡಿ ಕಟ್ಟಿಸಿಕೊಂಡು ಬಂದರು. ಅವರದು ಎತ್ತರದ ಮೈಕಟ್ಟು, ಬಿಳಿ ರುಮಾಲು, ಮಾತು ಕಡಿಮೆ. ಅಟ್ಟದ ಒಂದೊಂದು ಮೂಲೆಯಿಂದಲೂ ಒಂದಿಷ್ಟು ಕಾಯಿ ತೆಗೆದು ಕೊಡುವುದು, ನಂಜಮ್ಮನವರು ಸರಿ ಅಂದರೆ ಆ ಮೂಲೆಯ ರಾಶಿ ಇಳಿಸುವುದು ಪದ್ಧತಿ. ನಂಜಮ್ಮನವರು ಮಣೆಯ ಮೇಲೆ, ನಾನು ಎದುರಿಗೆ ಮೊರದ ಮುಂದೆ. ಮೊದಲ ಮೂಲೆ ಸಲೀಸಾಗಿ ಹೋಯಿತು. ಎರಡನೆಯದೂ ಹೋಯಿತು. ನಂಜಮ್ಮನವರು ಕಾಯಿಯನ್ನು ಕಿವಿಗೆ ಹಿಡಿದು, ಕಣ್ಣು ಅರೆಮುಚ್ಚಿ, ನನ್ನ ಬೆರಳು ನೋಡಿ, "ಊಂ, ಆಗೈತೆ" ಅನ್ನುವ ಗತ್ತು ನೋಡಬೇಕಿತ್ತು. ಅವರಿಗೆ ನಿಜವಾಗಿಯೂ ಕಿವಿ ಕೇಳಿಸುತ್ತಿದೆಯೇನೋ ಎಂದು ನನಗೇ ಅನ್ನಿಸುವಷ್ಟು!

ನಮ್ಮ ಅಡುಗೆಕೋಣೆಯ ಮೇಲಿನ ಮೂಲೆ ಬಂದಾಗ ಸ್ಟೇಷನ್ನಿನಲ್ಲಿ ಷಂಟಿಂಗ್ ಶುರುವಾಯಿತು. ರೈಲಿನ ಡಬ್ಬಿಗೆ ಡಬ್ಬಿ ಡಿಕ್ಕಿ ಹೊಡೆದು ಧಡಧಡ ಧಡಧಡ. ನಂಜಮ್ಮನವರಿಗೇನು ಗೊತ್ತು, ಅವರ ಪಾಡಿಗೆ ಕಾಯಿ ಅಲ್ಲಾಡಿಸಿದರು. ನನಗೆ ಏನೂ ಕೇಳಲಿಲ್ಲ. ಇನ್ನೊಮ್ಮೆ ಅನ್ನುವ ಸನ್ನೆಯನ್ನು ನಾವು ಮಾಡಿಕೊಂಡೇ ಇರಲಿಲ್ಲ. ಹೆದರಿ ಕಾಳನ್ನು ಮುಷ್ಟಿಯಲ್ಲೇ ಹಿಡಿದೆ.

"ಇದಿನ್ನೂ ಆಗಿಲ್ಲ" ಅಂದರು.

ಷಂಟಿಂಗಿನ ಸದ್ದು ನಿಂತ ಮೇಲೆ ಶಾಂತಪ್ಪನವರು ಕಾಯಿ ಇಸಿದುಕೊಂಡು ಅಲ್ಲಾಡಿಸಿದರು. ಹುಬ್ಬು ಗಂಟಿಕ್ಕಿತು. ಆಳಿಗೆ ಕೊಟ್ಟು ಸುಲಿಸಿ ಒಡೆಸಿದರು. ಚಿಪ್ಪಿನಿಂದ ಉಂಡೆ ಕೊಬ್ಬರಿ ಉರುಳಿ ಬಂತು, ಎಲ್ಲಿಯೂ ತೇವವಿಲ್ಲ. ಬಂದಾಗಿನಿಂದ ನಾನೇ ಹೊಗೆ ಹಾಕಿ ಒಣಗಿಸಿದ ಕಾಯಿ. ಶಾಂತಪ್ಪನವರು ಅತ್ತಿಗೆಯ ಮುಖ ನೋಡಿದರು, ಅತ್ತಿಗೆಯ ಕಣ್ಣು ಎಲ್ಲಿದೆಯೆಂದು ನೋಡಿದರು, ನನ್ನ ಮುಷ್ಟಿ ನೋಡಿದರು.

"ಏನ್ರಮ್ಮ ಇದು? ನೀವು ಸನ್ನೆ ಮಾಡಾದು, ಅವ್ರು ಹೇಳಾದು? ನಮ್ಮತ್ಗೆ ತಲೆಗೆ ಏನು ತುಂಬಿದೀರಿ? ವರ್ಷದ ಬೆಳೆ ಐತೆ ಮ್ಯಾಲೆ. ಬಾಡಿಗೆಗೆ ಇರೋರು ಬಾಡಿಗೆಗೆ ಇರೋರಂಗೆ ಇರ್ಬೇಕು."

ಆಳುಗಳು ಏಣಿಯ ಮೇಲೇ ನಿಂತು ನೋಡುತ್ತಿದ್ದರು. ಯಾವತ್ತೂ ಮಾತಿಗೆ ಮಾತು ಕೊಡುವ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬಾಯಿ ಬಿಟ್ಟರೆ ಗುಟ್ಟು ಹೊರಬೀಳುತ್ತಿತ್ತು. ಕಣ್ಣು ಮಾತ್ರ ನನ್ನ ಮಾತು ಕೇಳಲಿಲ್ಲ.

ಮೈದುನ ಏನಂದರೆಂದು ನಂಜಮ್ಮನವರಿಗೆ ತಿಳಿಯಲಿಲ್ಲ. ಆದರೆ ನನ್ನ ಮುಖ ಕಂಡಿತು. ಮಣೆಯಿಂದ ಎದ್ದು ಬಂದು ನನ್ನ ಮುಂದೆ ಅಡ್ಡ ನಿಂತರು. "ಏಯ್ ಶಾಂತಪ್ಪ, ಆ ಮಗೀಗೆ ಏನೂ ಅನ್ಬ್ಯಾಡ. ನಾನೇ ಕೂರುಸ್ಕೊಂಡಿರಾದು. ನಂಗೆ ಕಿವಿ ಹೋಗೈತೆ. ಅದುಕ್ಕೇ ಅವ್ಳು ಕೇಳಿ ಹೇಳ್ತಾಳೆ."

ಶಾಂತಪ್ಪನವರು ರುಮಾಲು ತೆಗೆದು ಜಗಲಿಯ ಮೇಲೆ ಕೂತರು. ನನ್ನ ಕಡೆ ನೋಡದೆಯೇ, "ತಪ್ಪಾಯ್ತು ತಾಯಿ" ಅಂದರು. ಆಮೇಲೆ ಅತ್ತಿಗೆಯ ಬಲಗಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದರು: "ಅಣ್ಣ ಇದ್ದಿದ್ರೆ ಬಿಡ್ತಿದ್ನಾ ನಿಮ್ಮನ್ನ ಇಂಗೆ? ಒಲೆ ಕಿಡಿ ಅಟ್ಟಕ್ಕೆ ಹಾರುದ್ರೆ ನಿಮ್ಗೆ ಕೂಗು ಕೇಳುಸ್ತೈತಾ? ನಾಳೆ ಗಾಡೀಲೇ ಗಂಡಸಿಗೆ ಹೋಗಾನ." ಅದರಲ್ಲಿ ಅಧಿಕಾರವಿರಲಿಲ್ಲ, ಅಳುವಿತ್ತು. ನಂಜಮ್ಮನವರು ಮಣೆ ಎತ್ತಿ ಗೋಡೆಗೆ ಒರಗಿಸಿಟ್ಟರು.

ನಾನೇ ಎದ್ದು ನಿಂತೆ. "ನಾನು ಇದ್ದೀನಲ್ಲ, ಒಂದೇ ಗೋಡೆಯ ಆಚೆ. ನಾನು ನೋಡಿಕೊಳ್ತೀನಿ."

"ನೀವು ರೈಲ್ವೆಯೋರು ಕಣ್ರಮ್ಮ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ" ಅಂದರು ಶಾಂತಪ್ಪ, ಸಮಾಧಾನವಾಗಿಯೇ.

ಅವರ ಮಾತು ಸುಳ್ಳಾಗಿರಲಿಲ್ಲ. ಹಾಸನದಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಹಾಸನಕ್ಕೆ ಹೋದರೆ ಬೇಲೂರು ಕೈಗೆಟಕುವಷ್ಟು ಹತ್ತಿರ. ಅದಕ್ಕೆ ಅರ್ಜಿ ಹಾಕಿ ಹಾಕಿ ಎಂದು ನಮ್ಮನೆಯವರ ತಲೆ ತಿಂದು ಹಾಕಿಸಿದವಳು ನಾನೇ. ವರ್ಗ ಇನ್ನೇನು ಆಗುತ್ತದೆ ಎಂದು ಅದೇ ವಾರ ಸುದ್ದಿಯೂ ಬಂದಿತ್ತು.

ಸಂಜೆ ನಮ್ಮನೆಯವರು ಬಂದು ಕಾಲು ತೊಳೆಯುತ್ತಿದ್ದ ಹಾಗೆಯೇ ಎಲ್ಲವನ್ನೂ ಹೇಳಿದೆ. ಕಿವಿಯ ಕಥೆ, ಅವರೆಕಾಯಿಯ ಕಥೆ, ಎಲ್ಲ. ಕೊನೆಗೆ, "ಹಾಸನ ಬೇಡ ರೀ" ಎಂದೆ.

ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತರು. "ನಿಮ್ಮಮ್ಮ ದಾರಿ ನೋಡ್ತಿದಾರೆ ಕಣೇ. ಆಗಲೇ ಹಾಸನದ ಬಸ್ಸಿನ ಹೊತ್ತು ವಿಚಾರಿಸಿ ಇಟ್ಟುಕೊಂಡಿದಾರಂತೆ."

ಅಮ್ಮನ ಕಾಲು, ಅಮ್ಮನ ಕೈ, ಅಮ್ಮ ನೀರು ಸೇದುವಾಗ ಉಸ್ಸೆನ್ನುವುದು ಎಲ್ಲ ಕಣ್ಣ ಮುಂದೆ ಬಂತು. ನೋವಾಯಿತು. ಇವತ್ತಿಗೂ ಆ ನೋವು ಪೂರ್ತಿ ಹೋಗಿಲ್ಲ. "ಅಮ್ಮನಿಗೆ ಅಣ್ಣ ಅತ್ತಿಗೆ ಇದ್ದಾರೆ. ನಾನು ಹೇಳಿಕೊಳ್ತೀನಿ" ಎಂದೆ.

"ಇನ್ನೊಮ್ಮೆ ಕೇಳಿದರೆ ಸಿಗೋದಿಲ್ಲ."

"ಕೇಳೋದಿಲ್ಲ."

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಮೊದಲೇ ಹೇಳಬಾರದಿತ್ತಾ? ಆ ಅರ್ಜಿಗೋಸ್ಕರ ನಮ್ಮ ಸಾಹೇಬರ ಮುಂದೆ ಎಷ್ಟು ಹಲ್ಲು ಕಿರಿದಿದ್ದೆ ಗೊತ್ತಾ" ಅಂದು ಒಳಗೆ ಹೋದರು. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಅಂಗಳದಲ್ಲಿ ಗಾಡಿ ತುಂಬಿಸುತ್ತಿದ್ದ ಶಾಂತಪ್ಪನವರ ಹತ್ತಿರ ನಿಂತರು. "ನಾವು ಅರಸೀಕೆರೆ ಬಿಡೋದಿಲ್ಲ ಸ್ವಾಮಿ. ಇವತ್ತೇ ಅರ್ಜಿ ವಾಪಸ್ ತಗೋತೀನಿ" ಅಂದರು. ಶಾಂತಪ್ಪನವರು ಹಗ್ಗ ಹಿಡಿದುಕೊಂಡೇ ಅವರನ್ನೂ ನನ್ನನ್ನೂ ನೋಡಿದರು. ಕೊನೆಗೆ ಮನೆಯ ಕಡೆ ಗಲ್ಲವೆತ್ತಿ, "ಹೋಗಿ ಅತ್ಗೆಗೆ ನೀವೇ ಹೇಳ್ರಮ್ಮ" ಅಂದರು.

ಒಳಗೆ ಓಡಿದೆ. ನಂಜಮ್ಮನವರು ಟ್ರಂಕಿನ ಮುಂದೆ ಕೂತು ಸೀರೆ ಮಡಿಸಿ ಇಡುತ್ತಿದ್ದರು. ದೇವರ ಗೂಡು ಆಗಲೇ ಬರಿದಾಗಿತ್ತು. ನಾನು ಎದುರಿಗೆ ಕೂತು, ತುಟಿ ಕಾಣುವಂತೆ, ನಿಧಾನವಾಗಿ ಹೇಳಿದೆ. ಇಷ್ಟು ದಿನ ಅಭ್ಯಾಸವಾಗಿದ್ದ ಹಾಗೆ, ಹೊರಗಿನವರಿಗೆ ಕೇಳದಂತೆ. ಅವರು ನನ್ನ ಮುಖ ಓದಲು ನೋಡಿದರು. ಆದರೆ ಅವರ ಕಣ್ಣು ತುಂಬಿದ್ದವು, ನನ್ನವೂ ತುಂಬಿದ್ದವು, ಯಾರ ಮುಖ ಯಾರಿಗೆ ಕಾಣಬೇಕು? ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು. ಇಷ್ಟು ವರ್ಷ ಯಾರೆದುರಿಗೂ ಆಡದ ಮಾತನ್ನು, ಬಾಗಿಲು ತೆರೆದಿದ್ದ ಹಾಗೆಯೇ, ಗಂಟಲೆತ್ತಿ ಆಡಿದರು.

"ಕೇಳುಸ್ನಿಲ್ಲ ಕಣವ್ವ. ಜೋರಾಗಿ ಹೇಳು."

"ನಾವು ಎಲ್ಲಿಗೂ ಹೋಗಲ್ಲ! ನೀವೂ ಹೋಗಬೇಡಿ!" ಎಂದು ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೆಂದರೆ ಅಂಗಳದ ಆಳುಗಳು ಕೆಲಸ ನಿಲ್ಲಿಸಿದರು, ಎದುರು ಮನೆಯವರು ಬಾಗಿಲಿಗೆ ಬಂದರು. ನಂಜಮ್ಮನವರು ಟ್ರಂಕಿನಿಂದ ಒಂದೊಂದೇ ಸೀರೆ ತೆಗೆದು ನನ್ನ ಮಡಿಲಿಗೆ ಹಾಕತೊಡಗಿದರು.